ಮೂರು ದಿನದ ನೀರು

ಚಿನಕುರಳಿಯ ಚಿಕ್ಕಸಿದ್ದಯ್ಯನವರು ಕೆರೆ ಏರಿಯ ಮೇಲೆ ನಿಂತರೆಂದರೆ ದನ ತೊಳೆಯಲು ಬಂದವರು ಅರ್ಧ ದಾರಿಯಿಂದಲೇ ವಾಪಸ್ಸು. "ಲೇ, ನೀರಿಗೆ ಬುಡಬ್ಯಾಡ ಕಣ್ಲಾ, ಗೊರಕೆ ರೋಗ ಬತ್ತದೆ!" ಎಂಬ ಅವರ ಕೂಗಿಗೆ ಕೊಕ್ಕರೆಗಳೂ ದಡ ಬಿಟ್ಟಿವೆ. ಯಾಕೆ ಅಂತ ಕೇಳಿದಿರೋ, ಸಿಕ್ಕಿಬಿದ್ದಿರಿ. "ದನದ ಸಿಂಬಳದಾಗೆ ಉಳದ ಮೊಟ್ಟೆ ನೀರಿಗೆ ಬೀಳ್ತದೆ. ಮರಿ ಎದ್ದು ಬಸವನುಳದ ಒಳಿಕ್ಕೋಗಿ ಒಂದು ಸಾವಿರ ಆಯ್ತದೆ. ಅವೆಲ್ಲ ಈಚೆ ಬಂದು, ನೀರಲ್ಲಿ ನಿಂತಿರೋ ದನದ ಚರ್ಮ ತೂರ್ಕಂಡು ಮೂಗು ಸೇರ್ಕತವೆ," ಎಂದು ಹೇಳಿ, ರೋಗದ ದನ ಉಸಿರಾಡುವುದನ್ನು ಮಾಡಿ ತೋರಿಸುತ್ತಾರೆ, ಅದು ಎಷ್ಟು ನಿಜವೆಂದರೆ ಪಕ್ಕದ ಹಸುಗಳು ಮೇವು ಬಿಟ್ಟು ತಲೆ ಎತ್ತುತ್ತವೆ. ಮದುವೆ ಊಟದ ಪಂಕ್ತಿಯಲ್ಲೂ ಇದೇ ಪಾಠ, ಇದೇ ಗೊರಕೆ. ಆ ಗೊರಕೆ ಅವರು ಕಲಿತದ್ದು ತಮ್ಮ ಎತ್ತು ಕೆಂದನಿಂದ. ಹತ್ತು ವರ್ಷ, ಸಂಜೆ ಸಂಜೆ, ಅದನ್ನು ಕತ್ತಿನವರೆಗೆ ಕೆರೆಗಿಳಿಸಿ ಮೈ ಉಜ್ಜಿದವರು ಅವರೇ. ರೋಗ ಅದಕ್ಕೂ ಹಿಡಿಯಿತು; ಇಂಜೆಕ್ಷನ್ನಿನಿಂದ ಎತ್ತು ಉಳಿಯಿತು, ಕೆರೆ ತಪ್ಪಿತು. ಈಗ ಕೆರೆ ನೀರನ್ನೇ ಬಟ್ಟೆಯಲ್ಲಿ ಸೋಸಿ, ಬಿಂದಿಗೆಯಲ್ಲಿ ಹೊತ್ತು ತಂದು, ಹಿತ್ತಲ ತೊಟ್ಟಿಗೆ ತುಂಬಿ, ಹುಳು ಸಾಯಲೆಂದು ಮೂರು ದಿನ ಹಾಗೇ ಬಿಟ್ಟು, ಆಮೇಲೆ ಕೆಂದನ ಮೈಮೇಲೆ ಸುರಿಯುತ್ತಾರೆ. ನಲ್ಲಿ ಬಾಗಿಲಲ್ಲೇ ಇದೆಯಲ್ಲ ಎಂದೆ. "ನಲ್ಲಿ ನೀರ್ಗೆ ಕೆಂದ ಸುಖ್ವಾಗಿ ಕಣ್ಣು ಮುಚ್ಚಕಿಲ್ಲ ಕಣಪ್ಪ," ಎಂದರು. ನಿಜ, ಕೆರೆ ನೀರು ಬೆನ್ನಿಗೆ ಬಿದ್ದೊಡನೆ ಎತ್ತು ಕಣ್ಣು ಮುಚ್ಚುತ್ತದೆ. ಚೆಂಬು ಹಿಡಿದವರೂ ಮುಚ್ಚುತ್ತಾರೆ.