ಗುರುವಪ್ಪನ ಪುಕ್ಕಟೆ ಕರೆಂಟು

ಹೋಟೆಲಿನ ಕೆಲಸ ಬಿಟ್ಟು ರಾತ್ರಿ ಮೀನು ಹಿಡಿಯಲೆಂದು ಘಣಸೋಲಿಯ ಖಾಡಿಯಲ್ಲಿ, ಸಮುದ್ರದ ಹಿನ್ನೀರಿಗೆ, ಸಣ್ಣ ದೋಣಿ ಇಳಿಸಿದ ಗುರುವಪ್ಪ ದೊಡ್ಡದೊಂದು ಸಂಶೋಧನೆ ಮಾಡಿದ್ದ. ಗುಜರಿಯಿಂದ ತಂದ ರಿಕ್ಷಾದ ಬ್ಯಾಟರಿಗೆ ನಾಲ್ಕು ವೈರು ಸುತ್ತಿದರೆ ದೋಣಿಯಲ್ಲೇ ಮೊಬೈಲ್ ಚಾರ್ಜ್ ಆಗುತ್ತದೆ, ರೇಡಿಯೊ ಹಾಡುತ್ತದೆ, ದೀಪ ಉರಿಯುತ್ತದೆ.

ಸಂಶೋಧನೆಯ ಚಿಲ್ಲರೆ ಭಾಗ ಹೆಂಡತಿ ನಳಿನಾಕ್ಷಿಯದು. ಬೆಳಿಗ್ಗೆ ಅವನು ಬ್ಯಾಟರಿಯನ್ನು ಚಾಳಿನ ಮೆಟ್ಟಿಲ ಬುಡದಲ್ಲಿಟ್ಟು ಮೇಲೆ ಬಂದು ಮಲಗುತ್ತಿದ್ದ. ಅವಳು ಅದನ್ನು ಕೂಸಿನಂತೆ ಸೊಂಟಕ್ಕೇರಿಸಿ ತರಬೇಕು, ಕಿಲುಬು ಒರೆಸಬೇಕು, ಡಿಸ್ಟಿಲ್ಡ್ ವಾಟರ್ ಹೊಯ್ಯಬೇಕು, ವಾಸನೆ ಹೊರಗೆ ಹೋಗಲೆಂದು ಅಡುಗೆಮನೆಯ ಕಿಟಕಿಯ ಬಳಿಯೇ ಚಾರ್ಜಿಗೆ ಹಾಕಬೇಕು. ಅಲ್ಲಿದ್ದದ್ದು ಒಂದೇ ಪ್ಲಗ್ಗು, ಗ್ರೈಂಡರಿನದು. ಅದರಲ್ಲಿ ಅರೆದ ದೋಸೆ ಹಿಟ್ಟನ್ನು ಅವಳು ಪಕ್ಕದ ಬಡಾವಣೆಯ, ಅಂದರೆ ಸೆಕ್ಟರಿನ, ಮನೆಗಳಿಗೆ ಮಾರುತ್ತಿದ್ದಳು. ಬ್ಯಾಟರಿಯ ಹೊಟ್ಟೆ ತುಂಬುವವರೆಗೆ ಉದ್ದು ನೀರಿನಲ್ಲೇ ಕಾಯುತ್ತಿತ್ತು. "ಆಂಟಿ, ಇನ್ನೊಮ್ಮೆ ಲೇಟಾದ್ರೆ ನಾನು ಪ್ಯಾಕೆಟ್ಟೇ ತರ್ತೇನೆ" ಎಂದು ಗಿರಾಕಿ ಪೂಜಿತಾ ಹೇಳಿಯಾಗಿತ್ತು. ಉಳಿದವರೂ ಅದನ್ನೇ ಹೇಳುವ ದಿನ ದೂರವಿರಲಿಲ್ಲ.

ಭಾನುವಾರ ಪಕ್ಕದ ದೋಣಿಯ ಮುರಾರಿ ಬಂದ. "ಕರೆಂಟಿಗೆ ಖರ್ಚೆಷ್ಟು ಮಾರಾಯ?"

"ಎಂತ ಖರ್ಚು? ಮನೆಯಲ್ಲಿಟ್ಟರೆ ಅದರಷ್ಟಕ್ಕೇ ಚಾರ್ಜ್ ಆಗ್ತದೆ. ಪೂರಾ ಫುಕಟ್" ಎಂದ ಗುರುವಪ್ಪ.

"ಹೌದು ಮುರಾರಿಯಣ್ಣ" ಎಂದಳು ಚಹಾ ತಂದ ನಳಿನಾಕ್ಷಿ. "ಮೆಟ್ಟಿಲೂ ಅದೇ ಹತ್ತಿ ಬರ್ತದೆ. ಒಳ್ಳೆ ಸಂಸ್ಕಾರದ ಬ್ಯಾಟರಿ."

ಗಂಡಸರಿಬ್ಬರೂ ನಕ್ಕರು. ಚಹಾಕ್ಕೆ ಸಕ್ಕರೆ ಸ್ವಲ್ಪ ಕಡಿಮೆ ಎಂದೂ ತಿಳಿಸಿದರು.

ಮರುದಿನ ಅವಳು ಬ್ಯಾಟರಿಯನ್ನು ಅದರ ಸಂಸ್ಕಾರಕ್ಕೇ ಬಿಟ್ಟು ಗ್ರೈಂಡರ್ ಹಾಕಿದಳು. ಹಿಟ್ಟು ಹೊತ್ತಿಗೆ ಸರಿಯಾಗಿ ಸೆಕ್ಟರ್ ಸೇರಿತು. ಬ್ಯಾಟರಿ ಮೆಟ್ಟಿಲ ಬುಡದಲ್ಲೇ ಧ್ಯಾನಸ್ಥವಾಗಿತ್ತು. ಸಂಜೆ ಗುರುವಪ್ಪ ಚಾರ್ಜ್ ಆಗಿದೆಯೆಂದುಕೊಂಡು ಅದನ್ನೇ ಎತ್ತಿಕೊಂಡು ಹೋದ. ಬಲೆ ಬಿಡುವ ಮೊದಲೇ ದೀಪ ಆರಿತು, ಮೊಬೈಲ್ ಸತ್ತಿತು. ಬರಿಗೈಯಲ್ಲಿ ಮನೆಗೆ ಬಂದ.

"ಚಾರ್ಜಿಗೆ ಹಾಕಲಿಲ್ಲವಾ ಮಾರಾಯ್ತಿ?"

"ಅದರಷ್ಟಕ್ಕೇ ಆಗ್ತದೆ ಅಂದಿದ್ದಿರಲ್ಲ. ಗಂಡಸರ ವಿಷಯದಲ್ಲಿ ನಾನ್ಯಾಕೆ ಕೈ ಹಾಕುವುದು?"

ಬೆಳಗಾದ ಮೇಲೆ, ಮನೆಯ ಪ್ಲಗ್ಗಿಗೆ ಆಗಲೇ ಗ್ರೈಂಡರ್ ಸಿಕ್ಕಿಸಿದ್ದನ್ನು ಕಂಡು, ಅವನು ಬ್ಯಾಟರಿ ಹೊತ್ತು ಚಾರ್ಜಿಗೆಂದು ಮುರಾರಿಯ ಮನೆಗೆ ಹೋದ. ಬಾಗಿಲಲ್ಲೇ ಮುರಾರಿಯ ಹೆಂಡತಿ ಪ್ರಫುಲ್ಲಾ ನಿಂತಿದ್ದಳು. "ನಮ್ಮ ಪ್ಲಗ್ಗಿನಲ್ಲಿ ಇಸ್ತ್ರಿ ಉಂಟು, ಊರವರ ಬಟ್ಟೆ. ನಿಮ್ಮದು ಫುಕಟ್ ಕರೆಂಟಲ್ವಾ ಅಣ್ಣ, ಮನೆಯಲ್ಲೇ ಇಡಿ."

ಅವನು ಅಲ್ಲಲ್ಲಿ ನಿಂತು, ಏದುಸಿರು ಬಿಡುತ್ತ ತನ್ನ ಮೆಟ್ಟಿಲು ಹತ್ತಿ ಬಂದ. ಒಳಗೆ ಗ್ರೈಂಡರ್ ತಿರುಗುತ್ತಿತ್ತು.

"ಇನ್ನೂ ಎಷ್ಟು ಹೊತ್ತು?"

"ಉದ್ದು ಆಯ್ತು. ಅಕ್ಕಿ ಬಾಕಿ ಉಂಟು. ಅಷ್ಟರೊಳಗೆ ಕಿಲುಬು ಒರೆಸಿ. ಬಟ್ಟೆ ಅಲ್ಲಿದೆ."

ಗುರುವಪ್ಪ ನೆಲಕ್ಕೆ ಕೂತು ಒರೆಸತೊಡಗಿದ. ನಳಿನಾಕ್ಷಿ ಅಕ್ಕಿ ಸುರಿದು, ಇವತ್ತು ಹಿಟ್ಟು ಇನ್ನಷ್ಟು ನುಣ್ಣಗಾಗಲಿ ಎಂದು ನಿಧಾನವಾಗಿ ನೀರು ಚಿಮುಕಿಸಿದಳು.