ಹುದ್ದೆಯಿಲ್ಲದ ರಾಯಭಾರಿ
ಎರಡು ಸರ್ಕಾರಗಳು ಮುನಿಸಿಕೊಂಡಾಗ ಮಾತಿಗೆ ಹೋಗುವವರು ನಮ್ಮ ಸೋದರಮಾವನಂಥ ನಿವೃತ್ತ ಇಂಜಿನಿಯರುಗಳು. ಹುದ್ದೆಯಿಲ್ಲ, ಸಹಿ ಹಾಕುವಂತಿಲ್ಲ. ಆದರೆ ಯಾರ ಡೇಟಾ ಯಾರ ದೇಶದಲ್ಲಿರಬೇಕೆಂಬುದು ಇತ್ಯರ್ಥವಾಗದಿದ್ದರೆ ಎರಡು ದೇಶಗಳ ನಡುವಿನ ಇಂಟರ್ನೆಟ್ಟೇ ಕಡಿದುಹೋಗುತ್ತದೆ. ಹೋಟೆಲ್ ಕೋಣೆಯಲ್ಲಿ ಎಲ್ಲರ ಮೊಬೈಲುಗಳನ್ನು ಬಚ್ಚಲಲ್ಲಿ ಕೂಡಿಹಾಕಿ, ಕದ್ದಾಲಿಸುವವರಿಗೆ ಮಾತು ಕೇಳದಂತೆ ನಲ್ಲಿ ಬಿಟ್ಟ ಮೇಲೆಯೇ ಮಾವ ಬಾಯಿ ತೆರೆಯುವುದು. ಮನೆಯಲ್ಲೂ ಅದೇ ಧಾಟಿ: "ಉಪ್ಪು ಕಮ್ಮಿ ಅಂತ ಅನಧಿಕೃತ ವರದಿ." "ಅನಧಿಕೃತವಾಗೇ ಎದ್ದು ಹಾಕ್ಕೊಳ್ಳಿ," ಎನ್ನುತ್ತಾರೆ ಅತ್ತೆ. ಈ ಸಲ ಮಾತುಕತೆಗೆ ಹೊರಟ ಮಾವನ ಚೀಲದಲ್ಲಿ ಕಿವಿಯಂತ್ರದ ಸೆಲ್ಲುಗಳಿದ್ದವು. "ನಿಮಗ್ಯಾಕೆ ಮಾವಾ?" ಎಂದೆ. "ನನಗಲ್ಲ ಕಣೋ, ಆ ದೇಶದ ಕಡೆಯಿಂದ ಮಾತಿಗೆ ಬರೋ ಮೇಷ್ಟ್ರಿಗೆ. ಹೋದ ಸಲ ಅವರ ಸೆಲ್ ಮುಗಿದಿತ್ತು. ಹೇಳೋಕೆ ನಾಚ್ಕೊಂಡು ನಾನಂದಿದ್ದಕ್ಕೆಲ್ಲ ತಲೆಯಾಡಿಸಿಬಿಟ್ರು." "ಹಾಗಾದ್ರೆ ಗೆದ್ರಲ್ಲ!" "ಅವರು ಒಪ್ಪಿದ್ದನ್ನ ಬರ್ಕೊಂಡಿದ್ದ ಹಾಳೆ ನಾನೇ ಹರಿದು ಹಾಕ್ದೆ. ಕೇಳಿಸದೇ ಒಪ್ಪಿದ್ದು ಎಷ್ಟು ದಿನ ನಿಂತೀತು?"