ಎಳೆ ನೀಲೊ ಇಟ್ಟಲ್ಲೇ ಇರಲಿ

ಬೆಳಗಿನ ಏಳೂವರೆ, ಹೊರಗೆ ಇನ್ನೂ ನಸುಕು. ಅಮೆರಿಕದ ಉತ್ತರದಂಚಿನ ಸುಪೀರಿಯರ್ ಸರೋವರದ ಗಾಳಿಗೆ ಕಿಟಕಿ ಕಟಕಟ ಅನ್ನುತ್ತಿದೆ. ಚಳಿಗೆ ಗಾಜು ಮಂಜು ಹಿಡಿಯುತ್ತದೆಯೇ ನೋಡಲು ಬೇಕೆಂದೇ ರಾತ್ರಿಯಿಡೀ ಒಲೆ ಹಚ್ಚದೆ ಬಿಟ್ಟ ಕೋಣೆಯಲ್ಲಿ ಸೈಮಾ ಪೆಲ್ಕೋಲಾ ಎರಡು ಸ್ವೆಟರಿನ ಮೇಲೆ ಗಂಡನ ಉಣ್ಣೆ ಕೋಟು ಹಾಕಿ, ಉಸಿರು ಗಾಜಿಗೆ ತಾಗದಂತೆ ಬಾಯಿಗೆ ಬಟ್ಟೆ ಸುತ್ತಿಕೊಂಡು ಬಗ್ಗಿದ್ದಾರೆ. ಎದುರಿಗೆ ಮೇಜಿನ ಮೇಲೆ ಕಬ್ಬಿಣದ ಹಿಡಿಕೆ ವೈಸಿನಲ್ಲಿ ಬಿಗಿದ ಒಂದು ಬೇಟೆ ಕೋವಿ. ಅದರ ಮೇಲೆ ಅರವತ್ತು ವರ್ಷ ಹಳೆಯ ಉಕ್ಕಿನ ಸ್ಕೋಪು, ಅಂದರೆ ಗುರಿ ಹಿಡಿಯುವ ದುರ್ಬೀನು. ನೂರು ಗಜ ಆಚೆ ಪಕ್ಕದ ಮನೆಯ ರುಡಿಯ ಕೊಟ್ಟಿಗೆ, ಕೊಟ್ಟಿಗೆಯ ಹಲಗೆಯಲ್ಲಿ ಒಂದು ಮೊಳೆ, ಮೊಳೆಯ ತಲೆಗೆ ಬಿಳಿ ಬಣ್ಣ.

ಸ್ಕೋಪಿನೊಳಗೆ ಒಂದಕ್ಕೊಂದು ಅಡ್ಡ ಬಿಗಿದ ಎರಡು ತೆಳು ಎಳೆಗಳಿವೆ. ಅವು ಕೂಡುವ ಜಾಗ ಆ ಮೊಳೆಯ ಮೇಲೇ ನಿಲ್ಲಬೇಕು. ನಿಂತಿದೆಯೇ? ಸೈಮಾ ಕಣ್ಣು ತೆಗೆದು, ಮಿಟುಕಿಸಿ, ಮತ್ತೆ ಇಡುತ್ತಾರೆ. "ಮಂಜಿಲ್ಲ. ಆದ್ರೆ ಎಳೆ ಕೂದಲಷ್ಟು ಬಲಕ್ಕಿದೆ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ನಾಡಿದ್ದು ನವೆಂಬರ್ ಹದಿನೈದು, ಜಿಂಕೆ ಬೇಟೆಯ ಮೊದಲ ದಿನ. ಅಂದು ನಮ್ಮ ಕಡೆ ಶಾಲೆಗಳೂ ಬಾಗಿಲು ಹಾಕುತ್ತವೆ.

ಸೈಮಾಗೆ ಈಗ ಎಪ್ಪತ್ತೆರಡು. ಪಟ್ಟಣದ ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಗಾಜು ಉಜ್ಜಿದವರು. ಗಂಡ ಬದುಕಿದ್ದಾಗ ಅವರ ಸ್ಕೋಪಿಗೆ ಮಂಜು ಹಿಡಿಯಿತು. ಸೈಮಾ ಬಿಚ್ಚಿ ನೋಡಿದರು, ಒರೆಸಿದರು, ಮುಚ್ಚಿದರು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಗಂಡನ ಗೆಳೆಯರೂ ತರತೊಡಗಿದರು. ಹೆಂಗಸಿನ ಕೈಗೆ ಸ್ಕೋಪು ಕೊಟ್ಟೆವೆಂದು ಯಾರಿಗೂ ಗೊತ್ತಾಗಬಾರದಲ್ಲ, ಅದಕ್ಕೆ ಉಣ್ಣೆ ಕಾಲುಚೀಲದೊಳಗೆ ತುರುಕಿಕೊಂಡು ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ನಾಚಿಕೆ ಹೋಗಿ ಎಷ್ಟೋ ವರ್ಷವಾದರೂ ಇಂದಿಗೂ ಸ್ಕೋಪುಗಳು ಬರುವುದು ಕಾಲುಚೀಲದಲ್ಲೇ. "ಒಗೆದಿರೋ ಚೀಲದಲ್ಲಿ ತನ್ನಿ ಅಂತ ಬೋರ್ಡು ಹಾಕ್ಬೇಕು," ಅನ್ನುತ್ತಾರೆ ಸೈಮಾ.

ಈ ಶರತ್ಕಾಲದಲ್ಲಿ ಇಲ್ಲಿಯವರೆಗೆ ನಲವತ್ತೊಂದು ಬಂದಿವೆ. ಹೆಸರು ಅಳಿಸಿಹೋಗಿದ್ದರೂ ಅಂಗೈಯಲ್ಲಿ ತೂಗಿ, ಅಯಸ್ಕಾಂತ ಸೋಕಿಸಿ, ತಿರುಪಿನ ಮುಚ್ಚಳದ ಕಚ್ಚುಗಳನ್ನು ಉಗುರಿನಿಂದ ಗೀರಿ, ಯಾವ ಕಾಲದ್ದೆಂದು ಹೇಳಿಬಿಡುತ್ತಾರೆ. ತೇವ ಹಿಡಿದ ಕೊಳವೆಗಳನ್ನು ಶನಿವಾರದ ಸ್ನಾನ ಮುಗಿದ ಮೇಲೆ ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಬಿಸಿ ಹಲಗೆಯ ಮೇಲೆ ಒಣಗಲು ಮಲಗಿಸುತ್ತಾರೆ. ಎಳೆ ಹರಿದಿದ್ದರೆ ಸೂಕ್ಷ್ಮ ತಂತಿ ಬಿಗಿಯುತ್ತಾರೆ. ಒಮ್ಮೆ ಒಂದರೊಳಗೆ ಎಳೆಯ ಬದಲು ಯಾರದೋ ಕೆಂಚು ಕೂದಲು ಸಿಕ್ಕಿತಂತೆ. "ಅವನ ಹೆಂಡ್ತಿ ಕೂದಲು ಕಪ್ಪು. ನಾನ್ಯಾಕೆ ಬಾಯಿ ಬಿಡ್ಲಿ, ತಂತಿ ಹಾಕಿ ಕಳಿಸ್ದೆ," ಎಂದು ನಗುತ್ತಾರೆ.

ಈಗ ವೈಸಿನಲ್ಲಿರುವುದು ನೀಲೊ ಮಾಕೆಲಾ ಅವರ ಕೋವಿ. ನೀಲೊ ಏಪ್ರಿಲ್‌ನಲ್ಲಿ ತೀರಿಕೊಂಡರು. ಕೋವಿ ತಂದವಳು ಅವರ ಮಗಳು ಡಾರ್ಲೀನ್, ಶಾಲಾ ಬಸ್ಸಿನ ಡ್ರೈವರು. ಹದಿನೈದರಂದು ಅಪ್ಪ ಜಿಂಕೆಗೆ ಕಾದು ಕೂರುತ್ತಿದ್ದ ಮರೆಯಲ್ಲೇ ಕೂರಬೇಕೆಂದು ಅವಳ ಆಸೆ. ಆದರೆ ಸ್ಕೋಪಿನೊಳಗೆ ಹಾಲು ಚೆಲ್ಲಿದಂತೆ ಮಬ್ಬು. ಪಟ್ಟಣದ ಅಂಗಡಿಯವನೊಬ್ಬ ಕಣ್ಣಿಟ್ಟು ನೋಡಿ, ಎಳೆಗಳು ನಡುವೆ ಇಲ್ಲ, ಎಡಕ್ಕೆ ಕೆಳಗೆ ಜಾರಿವೆ, ಇದು ಕೆಟ್ಟಿದೆ, ಬಿಸಾಕಿ ಹೊಸದು ತಗೊಳ್ಳಿ ಅಂದನಂತೆ.

"ಕೆಟ್ಟಿರೋದು ಅವನ ತಲೆ," ಅಂದರು ಸೈಮಾ. ಹಳೆಯ ಸ್ಕೋಪುಗಳಲ್ಲಿ ಗುರಿ ತಿದ್ದಿದರೆ ಎಳೆಗಳೇ ಸರಿಯುತ್ತವೆ. ಹೊಸವು ಹಾಗಲ್ಲ, ಎಷ್ಟು ತಿದ್ದಿದರೂ ನಡುವೆಯೇ ಕಾಣುತ್ತವೆ. ನೀಲೊ ಸ್ಕೋಪು ಕೂರಿಸಲು ತಮ್ಮ ಗ್ಯಾರೇಜಿನಲ್ಲೇ ಕೋವಿಗೆ ತೂತು ಕೊರೆದಿದ್ದರು. ತೂತು ಸೊಟ್ಟಗಾಗಿತ್ತು. ಹಾಗಾಗಿ ಗುಂಡು ನೆಟ್ಟಗೆ ಹೋಗಬೇಕೆಂದರೆ ಎಳೆ ಸೊಟ್ಟ ಜಾಗದಲ್ಲೇ ಇರಬೇಕು.

ತೊಡಕು ಇನ್ನೊಂದಿತ್ತು. ನೀಲೊ ತೋಟಾಗಳನ್ನು ತಾವೇ ಮದ್ದು ತುಂಬಿ ಮಾಡಿಕೊಳ್ಳುತ್ತಿದ್ದರು. ಅವರ ಎಳೆ ನಿಂತಿರುವುದು ಆ ತೋಟಾಗಳ ಲೆಕ್ಕಕ್ಕೆ, ಅಂಗಡಿಯದು ಹಾಕಿದರೆ ಗುಂಡು ಬೇರೆಲ್ಲೋ ಬೀಳುತ್ತದೆ. ಕಡೆಯ ಎರಡು ವರ್ಷ ಕೈ ನಡುಗುತ್ತಿದ್ದುದರಿಂದ ಹೊಸದು ಮಾಡಲಾಗಲಿಲ್ಲ. ಉಳಿದಿರುವುದು ಏಳೇ ಏಳು. ಡಾರ್ಲೀನ್‌ಗೆ ಅವನ್ನು ಪರೀಕ್ಷೆಗೆಂದು ಮರಳುಗುಂಡಿಯಲ್ಲಿ ಹಾರಿಸಿ ಕಳೆಯಲು ಮನಸ್ಸಿಲ್ಲ. ಮಬ್ಬು ಹೋಗಬೇಕು, ಎಳೆ ಮಾತ್ರ ಅಪ್ಪ ಇಟ್ಟಲ್ಲೇ ಇರಬೇಕು. ಮಬ್ಬು ಕೂತಿರುವುದೋ ಎಳೆಗಳ ಹಿಂದಿನ ಗಾಜಿನಲ್ಲಿ. ಎಳೆಗಳನ್ನು ಬಿಗಿದಿರುವ ಬಳೆ ಬಿಚ್ಚದೆ ಅಲ್ಲಿಗೆ ಕೈ ಹೋಗದು.

ಅವಳು ಕೋವಿ ತಂದ ದಿನ ಸೈಮಾ ಕಾಫಿ ಬಗ್ಗಿಸಿ, ಏಲಕ್ಕಿ ಬ್ರೆಡ್ಡು ಕೊಯ್ದಿಟ್ಟು, ಹೇಳಲೇಬೇಕಾದ ಮಾತು ಹೇಳಿದರು. "ಡಾರ್ಲೀನ್, ಕೊಡೋದಕ್ಕೆ ಮುಂಚೆ ಒಂದು ಮಾತು ಕೇಳು. ಮೂವತ್ತೊಂದು ವರ್ಷದ ಹಿಂದೆ ಇದೇ ಸ್ಕೋಪು ನನ್ನ ಹತ್ರ ಬಂದಿತ್ತು. ಎಳೆ ಓರೆಯಾಗಿದೆ ಅಂತ ನಾನೇ ನಡುಮಧ್ಯಕ್ಕೆ ತಂದು ಕೂರಿಸಿದ್ದೆ. ಉಪಕಾರ ಮಾಡ್ದೆ ಅಂದ್ಕೊಂಡಿದ್ದೆ. ನಿಮ್ಮಪ್ಪ ನನ್ನ ನಂಬಿ ಹಾಗೇ ಕಾಡಿಗೆ ಹೋದ್ರು. ಗುಂಡು ಜಿಂಕೆ ಹೊಟ್ಟೆಗೆ ಬಿತ್ತು. ಎರಡು ದಿನ ರಕ್ತದ ಜಾಡು ಹಿಡಿದು ಅಲೆದ್ರು, ಸಿಗಲಿಲ್ಲ."

ಆ ಸಲ ನೀಲೊ ಬಂದು ಬೈಯಲಿಲ್ಲ. ಬಾಗಿಲಲ್ಲಿ ನಿಂತು, "ಎಳೆ ಅಲ್ಲಿದ್ದದ್ದಕ್ಕೆ ಕಾರಣ ಇತ್ತಮ್ಮ," ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ವಾಸಿಯಿತ್ತು ಅನ್ನುತ್ತಾರೆ ಸೈಮಾ. ನೀಲೊ ತಾವೇ ಎಳೆ ತಿದ್ದಿಕೊಂಡರು. ಮತ್ತೆಂದೂ ಆ ಸ್ಕೋಪನ್ನು ಯಾರಿಗೂ ಬಿಚ್ಚಗೊಡಲಿಲ್ಲ. ಹೊಟ್ಟೆಯಲ್ಲಿ ಗುಂಡು ಹೊತ್ತು ಓಡಿದ ಆ ಪ್ರಾಣಿ ಇಷ್ಟು ವರ್ಷ ಸೈಮಾರ ಎದೆಯಲ್ಲಿ ಮುಳ್ಳಾಗಿದೆ.

ಡಾರ್ಲೀನ್ ಕಾಫಿ ಕುಡಿದು ಲೋಟ ಕೆಳಗಿಟ್ಟಳು. "ಗೊತ್ತು ಸೈಮತ್ತೆ. ಅಪ್ಪ ಹೇಳಿದ್ರು. ಅದಕ್ಕೇ ನಿಮ್ಮ ಹತ್ರ ತಂದೆ."

ಅಂದಿನಿಂದ ಮೂರು ದಿನ ಆ ಕೋವಿ ವೈಸಿನಿಂದ ಅಲುಗಿಲ್ಲ. ಮೊದಲ ದಿನವೇ ಎಳೆ ಕೂಡುವ ಜಾಗಕ್ಕೆ ಸರಿಯಾಗಿ ಕೊಟ್ಟಿಗೆಗೆ ಮೊಳೆ ಹೊಡೆಯಲು ರುಡಿ ಹೊರಟ. ಎಪ್ಪತ್ತರ ಮುದುಕ, ಬಾಯಿ ಜೋರು. ಗುಂಡು ಹಾರದಿರಲೆಂದು ಕೋವಿಯ ಬೋಲ್ಟು ಬಿಚ್ಚಿಸಿ ತನ್ನ ಜೇಬಿಗೆ ಹಾಕಿಕೊಂಡೇ ಹೋದ.

"ನಂಬಿಕೆ ಇಲ್ವೇನೋ ನನ್ನ ಮೇಲೆ?" ಎಂದು ಸೈಮಾ ಕೇಳಿದರು.

"ನಂಬಿಕೆ ಇದೆ. ಬೋಲ್ಟೂ ನನ್ನ ಜೇಬಲ್ಲಿದೆ," ಅಂದ ರುಡಿ.

"ಎಡಕ್ಕೆ, ಇನ್ನೂ ಎಡಕ್ಕೆ, ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ," ಎಂದು ಕಿಟಕಿಯಿಂದ ಕೂಗಿ ಕೂಗಿ ಸೈಮಾರ ಗಂಟಲು ಕಟ್ಟಿತು. ಆಮೇಲೆ ಮೇಜಿನ ಹತ್ತಿರ ಯಾರೂ ಸುಳಿಯುವಂತಿಲ್ಲ. ರುಡಿ ಮರೆತು ಮೇಜಿಗೆ ಒರಗಲು ಹೋದಾಗ, "ಮುಟ್ಟಿದ್ಯೋ, ಕೈ ಮುರೀತೀನಿ," ಅಂದರು. ಹಿಂಬದಿಯ ಗಾಜು ಬಿಚ್ಚಿ, ತಿರುಪು ಸಡಿಲಿಸಿ, ಎಳೆಯ ಹಿತ್ತಾಳೆ ಬಳೆಯನ್ನು ಚಿಮುಟದಿಂದ ಎತ್ತಿ ಬಟ್ಟಲಿನಲ್ಲಿ ಮುಚ್ಚಿಟ್ಟರು. ಅರವತ್ತು ವರ್ಷದ ಜಿಡ್ಡು ಆವಿಯಾಗಿ ಗಾಜಿಗೆ ಕೂತಿತ್ತು. ಹತ್ತಿಯಿಂದ ಒಂದೇ ಬದಿಗೆ, ಒಂದೇ ಸಲ ಒರೆಸುವುದು, ಆ ಹತ್ತಿ ಎಸೆಯುವುದು, ಇನ್ನೊಂದು ತೆಗೆದುಕೊಳ್ಳುವುದು. ಜೋರಾಗಿ ಉಜ್ಜಿದರೆ ಗಾಜಿನ ಲೇಪವೇ ಎದ್ದು ಬರುತ್ತದೆ. ಅದಕ್ಕೇ ಒಂದು ದಿನ ಹಿಡಿಯಿತು. ಆಮೇಲೆ ಬಳೆಯನ್ನು ಮತ್ತೆ ಕೂರಿಸಿ, ಗಾಜು ಮುಚ್ಚಿ, ಎಳೆಯನ್ನು ಮೊಳೆಗೆ ತಂದು ನಿಲ್ಲಿಸಿದರು.

ಇವತ್ತು ಕೂದಲೆಳೆಯಷ್ಟು ತಪ್ಪಿದೆ. ಸೈಮಾ ಸಣ್ಣ ತಿರುಪುಳಿ ಹಿಡಿದು ಬದಿಯ ತಿರುಪನ್ನು ಸೋಕಿಸಿದಷ್ಟೇ ತಿರುಗಿಸಿ, ಕೊಳವೆಯನ್ನು ಬೆರಳಿನಿಂದ ಎರಡು ಸಲ ತಟ್ಟಿ, ಕಣ್ಣಿಟ್ಟು ನೋಡುತ್ತಾರೆ. ಎಳೆ ಮೊಳೆಯ ಮೇಲೆ ನಿಂತಿದೆ. ಚಿತ್ರದ ನಡುವಿನಲ್ಲಿ ಅಲ್ಲ, ಎಡಕ್ಕೆ, ಕೆಳಗೆ, ಕಣ್ಣಿಗೆ ತೀರಾ ಅಸಹ್ಯವಾದ ಜಾಗದಲ್ಲಿ. ಬಿಸಿಲೇರಿದ ಮೇಲೊಮ್ಮೆ, ಸಂಜೆಗೊಮ್ಮೆ, ಮರುದಿನ ಎರಡು ಸಲ ನೋಡುತ್ತಾರೆ. ಅಲುಗಿಲ್ಲ. ಡಾರ್ಲೀನ್ ಬಂದು ಕೋವಿ ಒಯ್ಯುತ್ತಾಳೆ.

ಹದಿನೈದರ ಬೆಳಿಗ್ಗೆ ಸೈಮಾ ಒಲೆಗೆ ಕಟ್ಟಿಗೆ ಒಡ್ಡುವುದನ್ನೂ ಮರೆತು ಹಿತ್ತಿಲ ಮೆಟ್ಟಿಲಲ್ಲಿ ಕೂತಿದ್ದಾರೆ. ದೂರದಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿನ ಸದ್ದು. ಎಂಟೂಕಾಲಿಗೆ ದೇವದಾರುಗಳ ಜೌಗಿನ ಕಡೆಯಿಂದ, ನೀಲೊರ ಮರೆ ಇರುವ ಕಡೆಯಿಂದ, ಒಂದು ಸದ್ದು ಬರುತ್ತದೆ. ಗಾಯಗೊಂಡು ಓಡಿದರೆ ಎರಡನೆಯದು ಬರಬೇಕು. ಸೈಮಾ ಕಿವಿಗೊಟ್ಟು ಕೂರುತ್ತಾರೆ. ರುಡಿ ಬಂದು ಏನೋ ಹೇಳಲು ಬಾಯಿ ತೆರೆದರೆ ಕೈ ಎತ್ತಿ ಸುಮ್ಮನಿರಿಸುತ್ತಾರೆ. ಎರಡನೆಯ ಸದ್ದು ಬರುವುದಿಲ್ಲ. ಪೂರಾ ತಪ್ಪಿದ್ದರೂ ಬರುವುದಿಲ್ಲವಲ್ಲ ಎಂದು ಹೊಳೆದು ಮೆಟ್ಟಿಲಿನಿಂದ ಎದ್ದು ನಿಲ್ಲುತ್ತಾರೆ.

ಹನ್ನೊಂದಕ್ಕೆ ಡಾರ್ಲೀನ್‌ಳ ಟ್ರಕ್ಕು ಅಂಗಳಕ್ಕೆ ಬರುತ್ತದೆ. ಹಿಂದೆ ಜಿಂಕೆ ಇದೆ. ಕೊಂಬು ಎಷ್ಟು ಕವಲು, ತೂಕ ಎಷ್ಟು ಎಂದು ರುಡಿ ಕೇಳುತ್ತಿದ್ದಾನೆ. ಸೈಮಾ ಕೇಳುವುದು ಒಂದೇ.

"ಓಡಿತೇನೇ?"

"ಇಲ್ಲ ಸೈಮತ್ತೆ. ನಿಂತಲ್ಲೇ ಕುಸೀತು. ಅದಕ್ಕೆ ಗೊತ್ತೇ ಆಗಿಲ್ಲ."

ಸೈಮಾ ಟ್ರಕ್ಕಿನ ಅಂಚು ಹಿಡಿದು ನಿಲ್ಲುತ್ತಾರೆ. ಜಿಂಕೆಯ ಕತ್ತಿನ ಒರಟು ಕೂದಲ ಮೇಲೆ ಒಂದು ಸಲ ಅಂಗೈ ಆಡಿಸುತ್ತಾರೆ. ಕಣ್ಣು ತುಂಬಿದೆ, ಒರೆಸಿಕೊಳ್ಳುವುದಿಲ್ಲ.

"ನೋಡು," ಅನ್ನುತ್ತಾರೆ ಆಮೇಲೆ, ಎಂದಿನ ದನಿಯಲ್ಲಿ. "ಮುಂದೆ ಮತ್ತೆ ಮಬ್ಬು ಕೂತ್ರೆ ನಾನಿರೋವಾಗ್ಲೇ ತಂದುಬಿಡು. ನಾನಿಲ್ಲ ಅಂದ್ರೆ ಮಬ್ಬಲ್ಲೇ ನೋಡ್ಕೋ. ಬೇರೆಯವರ ಕೈಗೆ ಕೊಟ್ರೆ, ಪಾಪ, ಚೆನ್ನಾಗಿ ಕಾಣ್ಲಿ ಅಂತ ನಡುಮಧ್ಯಕ್ಕೆ ತಂದು ಕೂರಿಸಿಬಿಡ್ತಾರೆ."